ಸೋರುವ ಸನ್‌ರೂಫ್, ಜೋತುಬಿದ್ದ ಟಾಪ್ ಬಟ್ಟೆ: ಹಾಸನ–ಚಿಕ್ಕಮಗಳೂರಿನಲ್ಲಿ ಸಿಗುವ ರಿಪೇರಿ ಹೇಗಿದೆ?

ಹಾಸನ, ಚಿಕ್ಕಮಗಳೂರು ಕಡೆಯ ಸೀಟ್ ಕವರ್ ಅಂಗಡಿಗಳಲ್ಲಿ ಕಾರಿನ ಟಾಪ್ ಬಟ್ಟೆ, ಅಂದರೆ ರೂಫಿನ ಒಳಬದಿಯ ಬಟ್ಟೆ, ಕೂರಿಸುವ ಕೈಗೆ ಕೊರತೆಯಿಲ್ಲ. ಕೊರತೆ ಇರುವುದು ಬಟ್ಟೆ ಮುಟ್ಟುವ ಮುಂಚೆ ಆಗಬೇಕಾದ ಕೆಲಸದಲ್ಲಿ. ನೀರು ಎಲ್ಲಿಂದ ಬಂತು ಅಂತ ಹುಡುಕದೆ ಹೊಸ ಬಟ್ಟೆ ಅಂಟಿಸಿದರೆ ಮುಂದಿನ ಮಳೆಗಾಲಕ್ಕೆ ಅದರ ಮೇಲೂ ಕಂದು ಕಲೆ ಏಳುತ್ತದೆ. 2014ರ ಹೋಂಡಾ ಸಿಟಿ, 2015ರ ಎಕ್ಸ್‌ಯುವಿ 500, 2017ರ ಡಬ್ಲ್ಯುಆರ್-ವಿ, ಇವುಗಳ ಹೆಚ್ಚು ಬೆಲೆಯ ಮಾಡೆಲ್‌ಗಳಲ್ಲಿ ಸನ್‌ರೂಫ್ ಬಂದಿತ್ತು. ಆ ಕಾಲದ ಗಾಡಿಗಳಿಗೆಲ್ಲ ಈಗ ವಯಸ್ಸಾಗುತ್ತಿದೆ. ಹಾಗಾಗಿ ಈ ಕೆಲಸವನ್ನು ಯಾರ ಕೈಗೆ ಕೊಡಬೇಕು, ಏನು ಕೇಳಿ ಮಾಡಿಸಬೇಕು ಅನ್ನುವುದು ಗೊತ್ತಿದ್ದರೆ ಒಳ್ಳೆಯದು.

ಮೊದಲು ತಿಳಿಯಬೇಕಾದದ್ದು ಇಷ್ಟು: ಸನ್‌ರೂಫ್ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯಲಿಕ್ಕೆ ಇರುವುದಲ್ಲ. ಒಂದಷ್ಟು ನೀರು ಒಳಗೆ ಇಳಿದೇ ಇಳಿಯುತ್ತದೆ. ಅದನ್ನು ಹಿಡಿಯಲೆಂದೇ ಗಾಜಿನ ಕೆಳಗೆ ಟ್ರೇಯಂಥ ಫ್ರೇಮ್ ಇದೆ, ಹೆಂಚಿನ ಮನೆಯ ಸೂರಿಗೆ ದಂಬೆ ಕಟ್ಟಿದ ಹಾಗೆ. ಟ್ರೇಯ ನಾಲ್ಕು ಮೂಲೆಯಿಂದ ಸಾಮಾನ್ಯವಾಗಿ ನಾಲ್ಕು ಸಣ್ಣ ಪೈಪ್ ಹೊರಡುತ್ತವೆ. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗಿಂದ ಇಳಿದು ಬಾಗಿಲ ಹಿಂಜ್ ಹತ್ತಿರವೋ ಮುಂದಿನ ಚಕ್ರದ ಗೂಡಿನ ಹಿಂದೆಯೋ ನೀರು ಬಿಡುತ್ತವೆ. ಹಿಂದಿನ ಎರಡು ಹಿಂದಿನ ಪಿಲ್ಲರ್‌ನಲ್ಲಿ ಇಳಿದು ಬಂಪರ್ ಒಳಗಡೆ ಮುಗಿಯುತ್ತವೆ. ಇವು ಕಟ್ಟಿಕೊಂಡರೆ ಟ್ರೇ ತುಂಬಿ, ನೀರು ಅಂಚು ದಾಟಿ ಟಾಪ್ ಬಟ್ಟೆಗೆ ಇಳಿಯುತ್ತದೆ. ಸೋರುವ ಸನ್‌ರೂಫ್‌ಗಳಲ್ಲಿ ಬಹುಪಾಲು ಇದೇ ಕತೆ. ಬೀಡಿಂಗ್ ತಪ್ಪು ಕಡಿಮೆ.

ನಮ್ಮ ಕಡೆ ಪೈಪ್ ಕಟ್ಟಲು ಕಾರಣ ಹುಡುಕಬೇಕಾಗಿಲ್ಲ. ತೋಟದ ಮನೆಗಳಲ್ಲಿ ಗಾಡಿ ನಿಲ್ಲುವುದೇ ಸಿಲ್ವರ್ ಓಕ್ ನೆರಳಲ್ಲಿ. ಅದರ ಸೀಳುಸೀಳಾದ ಎಲೆ ಒಣಗಿ ಪುಡಿಯಾಗಿ ಟ್ರೇ ಸೇರುತ್ತದೆ, ಚಳಿಗಾಲದ ರಸ್ತೆ ಧೂಳು ಅದರ ಜೊತೆ ಕೂತು ಗಟ್ಟಿಯಾಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಡ್ರೈವರ್ ಕಾಲಡಿ ಮ್ಯಾಟ್ ಒದ್ದೆಯಾದಾಗಲೇ ಗೊತ್ತಾಗುವುದು. ಇಳಿಜಾರು ಅಂಗಳವೂ ಸೇರಿಕೊಳ್ಳುತ್ತದೆ: ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಗಾಡಿಯ ನೀರೆಲ್ಲ ಮುಂದಿನ ಎರಡು ಮೂಲೆಗೇ ನುಗ್ಗುತ್ತದೆ. ನಿಂತಾಗ ಸೋರದೆ, ಬ್ರೇಕ್ ಹಿಡಿದಾಗ ಮಾತ್ರ ಮೇಲಿನ ದೀಪದ ಹತ್ತಿರ ನೀರು ಸುರಿದರೆ ಟ್ರೇಯಲ್ಲಿ ನೀರು ತುಂಬಿ ನಿಂತಿದೆ ಅಂತಲೇ ಅರ್ಥ.

ಪರೀಕ್ಷೆಗೆ ದುಡ್ಡು ಬೇಡ. ಗಾಡಿಯನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ, ಸನ್‌ರೂಫ್ ತೆರೆದು, ಟ್ರೇಯ ಒಂದು ಮೂಲೆಗೆ 250 ಎಂಎಲ್ ನೀರನ್ನು ಸಣ್ಣ ಧಾರೆಯಲ್ಲಿ ಬಿಡಿ. ಪೈಪ್ ಸರಿಯಿದ್ದರೆ ಸುರಿದಷ್ಟೇ ವೇಗದಲ್ಲಿ ಗಾಡಿಯಡಿ ನೀರು ಬೀಳುತ್ತದೆ. ನೀರು ಮೂಲೆಯಲ್ಲಿ ಹೊಂಡ ಕಟ್ಟಿ ನಿಂತರೆ ಪೈಪ್ ಕಟ್ಟಿದೆ. ಮೇಲಿಂದ ಸರಾಗ ಇಳಿದೂ ಕೆಳಗೆ ಬೀಳದೆ ಕಾರ್ಪೆಟ್ ಒದ್ದೆಯಾದರೆ ಪೈಪ್ ಕಳಚಿದೆ ಅಥವಾ ಸೀಳಿದೆ, ಆಗ ಪಿಲ್ಲರ್ ಟ್ರಿಮ್ (ಪಿಲ್ಲರಿನ ಒಳಬದಿಯ ಹೊದಿಕೆ) ಬಿಚ್ಚದೆ ಬೇರೆ ದಾರಿಯಿಲ್ಲ. ನಾಲ್ಕು ಮೂಲೆಯನ್ನೂ ಒಂದೊಂದಾಗಿ ನೋಡಬೇಕು, ಒಂದರಲ್ಲಿ ತಪ್ಪು ಸಿಕ್ಕಿತು ಅಂತ ನಿಲ್ಲಿಸಬಾರದು.

ಇಲ್ಲೇ ಬಹಳಷ್ಟು ಗ್ಯಾರೇಜುಗಳು ಎಡವುವುದು. ಪೈಪ್ ಕಟ್ಟಿದೆ ಎಂದ ಕೂಡಲೆ ಕಂಪ್ರೆಸರ್ ಏರ್ ಹೊಡೆಯುತ್ತಾರೆ. ಹಳೆ ಪೈಪ್ ಬರೀ ಬಿಗಿತದ ಮೇಲೆ ಟ್ರೇಯ ಮೂತಿಗೆ ಕೂತಿರುತ್ತದೆ. ಗಾಳಿಯ ಒತ್ತಡಕ್ಕೆ ಅದು ಟಾಪ್ ಬಟ್ಟೆಯ ಹಿಂದೆ ಕಳಚಿಕೊಳ್ಳುತ್ತದೆ. ಹೊರಗಿಂದ ಎಲ್ಲ ಸರಿಯಾದ ಹಾಗೆ ಕಾಣುತ್ತದೆ, ಮುಂದಿನ ಮಳೆಗೆ ಮೊದಲಿನ ಎರಡರಷ್ಟು ನೀರು ಒಳಗೆ. ಕಬ್ಬಿಣದ ತಂತಿಯೂ ಬೇಡ, ತಿರುವಿನಲ್ಲಿ ಪೈಪ್ ಚುಚ್ಚುತ್ತದೆ. ಸರಿಯಾದ ಸಾಮಾನು ಇಲ್ಲಿನ ತೋಟದ ಮನೆಗಳಲ್ಲೇ ಇದೆ: ಕಳೆ ಹೊಡೆಯುವ ಮಿಷನ್ನಿನ ನೈಲಾನ್ ದಾರ. 2 ರಿಂದ 2.4 ಮಿಮೀ ದಪ್ಪದ್ದು, ಎರಡು-ಮೂರು ಮೀಟರ್ ಉದ್ದ ಸಾಕು. ತುದಿಯನ್ನು ಲೈಟರಿನಲ್ಲಿ ಸ್ವಲ್ಪ ಕರಗಿಸಿ ದುಂಡು ಮಾಡಿ, ತಿರುಗಿಸುತ್ತಾ ನಿಧಾನ ಒಳಗೆ ಬಿಡಬೇಕು. ತಡೆ ಸಿಕ್ಕಲ್ಲಿ ಒತ್ತದೆ ಹಿಂದೆ-ಮುಂದೆ ಆಡಿಸಿ, ನಡುನಡುವೆ ಸ್ವಲ್ಪ ನೀರು ಬಿಡುತ್ತಿದ್ದರೆ ಸ್ವಲ್ಪ ಹೊತ್ತಿಗೆ ಕೆಳಗಿಂದ ಫಿಲ್ಟರಿನ ತಳದ ಕಾಫಿ ಚರಟದಂಥ ಕಪ್ಪು ಗಸಿ ಬೀಳಲು ಶುರುವಾಗುತ್ತದೆ. ನೀರು ತಿಳಿಯಾಗುವವರೆಗೂ ಕೆಲಸ ನಿಲ್ಲಿಸಬಾರದು. ಕೆಲವು ಗಾಡಿಗಳಲ್ಲಿ ಪೈಪಿನ ಕೆಳತುದಿಗೆ ಬಾತುಕೋಳಿ ಕೊಕ್ಕಿನ ಹಾಗೆ ಸೀಳಿರುವ ರಬ್ಬರ್ ಬಾಯಿ ಇರುತ್ತದೆ. ಮಣ್ಣು ರಸ್ತೆಯ ಕೆಸರು ಆ ಸೀಳನ್ನು ಮುಚ್ಚಿಬಿಡುತ್ತದೆ. ಎರಡು ಬೆರಳಲ್ಲಿ ಹಿಚುಕಿ ಬಾಯಿ ಬಿಡಿಸಿದರೆ ಎಷ್ಟೋ ಕೇಸುಗಳು ಅಲ್ಲಿಗೇ ಮುಗಿಯುತ್ತವೆ.

ಗಾಜಿನ ಸುತ್ತ ಸಿಲಿಕೋನ್ ಬಳಿದು ಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಗಾಜು ತೆರೆಯಲು ಬರುವುದಿಲ್ಲ, ಬಲವಂತ ಮಾಡಿದರೆ ಮೋಟರ್ ಮತ್ತು ಕೇಬಲ್‌ಗೆ ಪೆಟ್ಟು. ಹಾರ್ಡ್‌ವೇರ್ ಅಂಗಡಿಯ, ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಅದು ತಗಡಿಗೆ ತುಕ್ಕು ಹಿಡಿಸುತ್ತದೆ. ಬೀಡಿಂಗ್ ನಿಜವಾಗಲೂ ಹರಿದಿದ್ದರೆ ಆ ಮಾಡೆಲ್‌ನದೇ ಹೊಸದು ಹಾಕಿಸಬೇಕು. ಹರಿಯದಿದ್ದರೆ ಗಾಜಿನ ಮಟ್ಟ ನೋಡಬೇಕು: ಮುಂದಿನ ಅಂಚು ರೂಫಿನ ಸಮಕ್ಕೆ ಅಥವಾ 1 ಮಿಮೀ ಒಳಗೆ ಕೆಳಗೆ, ಹಿಂದಿನ ಅಂಚು ಸಮಕ್ಕೆ ಅಥವಾ 1 ಮಿಮೀ ಒಳಗೆ ಮೇಲೆ. ಪಕ್ಕದ ನಕ್ಷತ್ರ ಬಾಯಿಯ ಸ್ಕ್ರೂಗಳನ್ನು ಸಡಿಲಿಸಿ ಇದನ್ನು ಕೂರಿಸಬಹುದು, ಹಲವು ಗಾಡಿಗಳಿಗೆ ಟಿ25 ಬಿಟ್ ಸಾಕು. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಒಳ್ಳೆಯದು. ಎಂಜಿನ್ ಆಯಿಲ್, ಬೇರಿಂಗ್ ಗ್ರೀಸ್ ಸವರಿದರೆ ರಬ್ಬರ್ ಉಬ್ಬುತ್ತದೆ.

ಒಳಗೆ ಒದ್ದೆಯಾದದ್ದೆಲ್ಲ ಸನ್‌ರೂಫಿನದೇ ಅಲ್ಲ. ರೂಫ್ ರೇಲ್‌ನ ಬೋಲ್ಟ್, ಆಂಟೆನಾದ ವಾಷರ್, ವಿಂಡ್‌ಶೀಲ್ಡಿನ ಅಂಟು ಕೂಡ ಸೋರುತ್ತವೆ. ಮಳೆಯಿಲ್ಲದ ದಿನವೂ ಮುಂದಿನ ಕಾಲಡಿ ಒದ್ದೆಯಿದ್ದರೆ ಎಸಿಯ ನೀರಿನ ಪೈಪ್ ನೋಡಿ.

ಇನ್ನು ಟಾಪ್ ಬಟ್ಟೆ. ಅದು ಮೂರು ಪದರ: ಗಟ್ಟಿ ಬೋರ್ಡ್, ಅದರ ಮೇಲೆ ತೆಳು ಫೋಮ್, ಫೋಮಿಗೆ ಅಂಟಿದ ಬಟ್ಟೆ. ಜೋತುಬಿದ್ದಾಗ ಎಲ್ಲರೂ ಅಂಟು ಬಿಟ್ಟಿತು ಎನ್ನುತ್ತಾರೆ. ಬಿಟ್ಟದ್ದು ಅಂಟಲ್ಲ, ಸತ್ತದ್ದು ಫೋಮ್. ಬಿಸಿಲು ಮತ್ತು ತೇವ ಸೇರಿ ಅದನ್ನು ವರ್ಷಗಟ್ಟಲೆ ಕೊಳೆಸಿ, ಮುಟ್ಟಿದರೆ ರವೆಯ ಹಾಗೆ ಉದುರುವಂತೆ ಮಾಡಿರುತ್ತವೆ. ಅದಕ್ಕೇ ಸಿರಿಂಜಿನಲ್ಲಿ ಅಂಟು ಬಿಡುವುದು, ಗುಂಡುಪಿನ್ ಚುಚ್ಚುವುದು, ಸ್ಪ್ರೇ ಹೊಡೆದು ಒತ್ತುವುದು ಯಾವುದೂ ನಿಲ್ಲುವುದಿಲ್ಲ. ಅಂಟು ಹಿಡಿಯುವುದು ಆ ಪುಡಿಯನ್ನು, ಬೋರ್ಡನ್ನಲ್ಲ. ಬೋರ್ಡ್ ಹೊರತೆಗೆಯದೆ ಮಾಡಿಕೊಡುತ್ತೇವೆ ಎನ್ನುವ ಅಂಗಡಿಗೆ ಬೇಡ ಎನ್ನಿ.

ಬೋರ್ಡ್ ತೆಗೆಯುವಾಗ ಕರ್ಟನ್ ಏರ್‌ಬ್ಯಾಗ್ (ಕಿಟಕಿಗಳ ಮೇಲೆ ರೂಫಿನ ಅಂಚಿನೊಳಗೆ ಮಡಚಿಟ್ಟ ಏರ್‌ಬ್ಯಾಗ್) ಇರುವ ಗಾಡಿಯಾದರೆ ಬ್ಯಾಟರಿ ಕಳಚಿ ಕನಿಷ್ಠ 10 ನಿಮಿಷ ಕಾಯಬೇಕು, ಹಳದಿ ಕನೆಕ್ಟರ್‌ಗಳನ್ನು ಎಳೆದಾಡಬಾರದು. ಸನ್‌ವೈಸರ್, ಹಿಡಿಗಳು, ದೀಪ, ಪಿಲ್ಲರ್ ಟ್ರಿಮ್, ಸನ್‌ರೂಫ್ ಬಾಯಿಯ ಬೀಡಿಂಗ್ ಎಲ್ಲ ಬಿಚ್ಚಿದ ಮೇಲೆ ಎಸ್‌ಯುವಿಯಾದರೆ ಡಿಕ್ಕಿಯಿಂದ, ಸೆಡಾನ್ ಆದರೆ ಸೀಟು ಮಲಗಿಸಿ ಮುಂದಿನ ಬಾಗಿಲಿನಿಂದ ಹೊರಗೆ. ಬೋರ್ಡ್ ಬಗ್ಗಿಸಿದರೆ ಬಿದ್ದ ಗೆರೆ ಹೊಸ ಬಟ್ಟೆಯ ಮೇಲೂ ಕಾಣುತ್ತದೆ. ಸನ್‌ರೂಫ್ ಗಾಡಿಯಲ್ಲಿ ನಡುವೆ ದೊಡ್ಡ ಕಿಂಡಿ ಇರುವುದರಿಂದ ಅದು ಇನ್ನೂ ನಾಜೂಕು, ಇಬ್ಬರು ಹಿಡಿಯಲೇಬೇಕು. ಹಳೆ ಫೋಮನ್ನು ನೈಲಾನ್ ಬ್ರಷ್ಷಿನಲ್ಲಿ ಪೂರ್ತಿ ಉಜ್ಜಿ ತೆಗೆಯಬೇಕು, ಮಾಸ್ಕ್ ಹಾಕಿಕೊಂಡು. ಅಂಗೈ ಸವರಿದಾಗ ಪುಡಿ ಅಂಟದಿದ್ದರೆ ಕೆಲಸ ಆಯಿತು. ಅಂಗಡಿಗಳು ಅವಸರ ಮಾಡುವುದು ಇಲ್ಲೇ, ಆದ್ದರಿಂದ ಅಂಟು ಬಳಿಯುವ ಮುಂಚೆ ಒಮ್ಮೆ ಹೋಗಿ ಕೈಯಿಟ್ಟು ನೋಡಿ. ನೀರು ಕುಡಿದು ಮೆತ್ತಗಾದ ಜಾಗವಿದ್ದರೆ ಒಣಗಿಸಿ, ಹಿಂಬದಿಗೆ ತೆಳು ಫೈಬರ್ ಮ್ಯಾಟ್ ಹಾಕಿಸಬೇಕು.

ಬಟ್ಟೆ ಫೋಮ್ ಹಚ್ಚಿ ಬಂದ, ಎರಡು ದಿಕ್ಕಿಗೂ ಹಿಗ್ಗುವ ನಿಟ್ ಬಟ್ಟೆಯೇ ಆಗಬೇಕು. 3 ಮಿಮೀ ಫೋಮ್ ಸರಿ. 1.5 ಮೀಟರ್ ಅಗಲದ ಬಟ್ಟೆಯಾದರೆ ಸೆಡಾನ್‌ಗೆ ಸುಮಾರು 2 ಮೀಟರ್, ಮೂರು ಸಾಲಿನ ಗಾಡಿಗೆ 3 ಮೀಟರ್ ವರೆಗೆ. ರೆಕ್ಸಿನ್ ಬೇಡ, ಭಾರ ಹೆಚ್ಚು, ತಿರುವುಗಳಲ್ಲಿ ಎದ್ದು ನಿಲ್ಲುತ್ತದೆ. ಅಂಟಿನ ವಿಷಯದಲ್ಲಿ ರಾಜಿ ಬೇಡವೇ ಬೇಡ. ಸೀಟಿಗೆ ಬಳಸುವ ಸಾದಾ ಸಲ್ಯೂಷನ್ ಬಿಸಿಲಲ್ಲಿ ನಿಂತ ಗಾಡಿಯ ರೂಫಿನಡಿ ಮೆತ್ತಗಾಗುತ್ತದೆ. ಹೆಚ್ಚು ಶಾಖ ತಡೆಯುವ ಕಾಂಟ್ಯಾಕ್ಟ್ ಅಂಟನ್ನೇ ಕೇಳಿ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ನೋಡಿ. ಬೋರ್ಡಿಗೂ ಬಟ್ಟೆಗೂ ಎರಡಕ್ಕೂ ಸ್ಪ್ರೇ ಗನ್ನಿನಲ್ಲಿ ತೆಳುವಾಗಿ ಹೊಡೆದು, ಬೆರಳಿಗೆ ಅಂಟುಅಂಟಾಗಿ ತಾಗಿ ಎಳೆ ಬಾರದ ಹದಕ್ಕೆ ಬಂದಾಗ ಕೂರಿಸಬೇಕು. ಅರ್ಧ ಬಟ್ಟೆ ಮಡಚಿ, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತಾ ಹೋಗುವುದು. ಅಂಟು ಹೆಚ್ಚಾದರೆ ಫೋಮ್ ಕುಡಿದು ಬಟ್ಟೆಯ ಮೇಲೆ ಕಲೆಯಾಗುತ್ತದೆ.

ಮಲೆನಾಡಿನವರು ಗಮನಿಸಬೇಕಾದದ್ದು: ಜಡಿಮಳೆಯ ದಿನ ಈ ಕೆಲಸ ಮಾಡಿಸಬಾರದು. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಬೆಳ್ಳಗೆ ಮಬ್ಬು ಕಟ್ಟುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಜನವರಿಯಿಂದ ಹೂಮಳೆಯವರೆಗಿನ ಒಣ ದಿನಗಳೇ ಸರಿ.

ಸನ್‌ರೂಫ್ ಕಿಂಡಿಯ ಬಟ್ಟೆಯನ್ನು ಮೊದಲೇ ಕತ್ತರಿಸಬಾರದು. ಪೂರ್ತಿ ಅಂಟಿದ ಮೇಲೆ ಅಂಚಿನಿಂದ 3 ಸೆಂಮೀ ಒಳಗೆ ಬಿಟ್ಟು ಕತ್ತರಿಸಿ, ಮೂಲೆಗಳಲ್ಲಿ ಅಂಚು ಮುಟ್ಟದ ಹಾಗೆ ಸಣ್ಣ ಸೀಳು ಕೊಟ್ಟು, ಹಿಂದಕ್ಕೆ ಮಡಚಿ ಅಂಟಿಸಬೇಕು. ಈ ಮೂಲೆಯ ಕೆಲಸದಲ್ಲಿ ನಮ್ಮೂರಿನ ಕುಶನ್ ಕೆಲಸದವರ ಕೈ ನಿಜಕ್ಕೂ ಚೆನ್ನ. ಸುಕ್ಕಿಲ್ಲದೆ ಕೂರಿಸುತ್ತಾರೆ, ಆ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ನೀರಿನ ಕೆಲಸಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಕಂಪನಿ ಸರ್ವಿಸ್ ಸೆಂಟರ್‌ಗಳು ಪೈಪಿನ ಕೆಲಸ ಪದ್ಧತಿಪ್ರಕಾರ ಮಾಡುತ್ತವೆ, ಆದರೆ ಬಟ್ಟೆಗೆ ಬಂದಾಗ ಬೋರ್ಡ್ ಸಮೇತ ಹೊಸದು ಹಾಕುವ ದಾರಿ ಹಿಡಿಯುವುದೇ ಹೆಚ್ಚು. ಹಳೆ ಗಾಡಿಗೆ ಅದು ಭಾರ. ಆದ್ದರಿಂದ ಪೈಪ್, ಗಾಜಿನ ಮಟ್ಟದ ಕೆಲಸವನ್ನು ಅದು ತಿಳಿದ ಮೆಕ್ಯಾನಿಕ್ ಹತ್ತಿರ, ಬಟ್ಟೆಯ ಕೆಲಸವನ್ನು ಕುಶನ್ ಅಂಗಡಿಯಲ್ಲಿ, ಇದೇ ಕ್ರಮದಲ್ಲಿ ಮಾಡಿಸಿ.

ಬೋರ್ಡ್ ಹೊರಗಿರುವಾಗ ನಾಲ್ಕು ಪೈಪಿನ ಮೂತಿಗೂ ಕ್ಲಿಪ್ ಹಾಕಿಸಿಕೊಳ್ಳಿ, ಈ ಅವಕಾಶ ಮತ್ತೆ ಸಿಗದು. ಅಂಟು 24 ಗಂಟೆ ಆರಿದ ಮೇಲೆ ಬೋರ್ಡ್ ಕೂರಿಸಿ, ಪಿಲ್ಲರ್ ಟ್ರಿಮ್ ಹಾಕುವ ಮುಂಚೆ ಇನ್ನೊಮ್ಮೆ 250 ಎಂಎಲ್ ನೀರು ಸುರಿದು ನೋಡಬೇಕು. ಬೋರ್ಡಿನಡಿ ಪೈಪ್ ಸಿಕ್ಕಿ ನಜ್ಜಾಗಿದ್ದರೆ ಆಗಲೇ ತಿಳಿಯುತ್ತದೆ. ಬ್ಯಾಟರಿ ಕಳಚಿದ್ದರಿಂದ ಸನ್‌ರೂಫ್ ಅರ್ಧಕ್ಕೆ ನಿಲ್ಲಬಹುದು, ಹೆದರಬೇಡಿ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಹಾಗೆ ಬಟನ್ ಒತ್ತಿ ಹಿಡಿದರೆ ಅದು ತನ್ನ ಅಳತೆ ಮತ್ತೆ ಕಲಿತುಕೊಳ್ಳುತ್ತದೆ.