ಕರಾವಳಿಯ ಮನೆಗೆ ಯಾವ ಕಂಪ್ಯೂಟರ್? ವಿಂಡೋಸ್, ಮ್ಯಾಕ್ ಮಿನಿ, ಲಿನಕ್ಸ್ ಮಿಂಟ್ ಮೂರನ್ನೂ ಬಳಸಿ ನೋಡಿದ ಮೇಲೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಇದೇ ಮಾತು: ಮನೆಯ ಹಳೇ ಕಂಪ್ಯೂಟರ್ ಏನು ಮಾಡೋದು, ಹೊಸದು ತಗೊಂಡರೆ ಯಾವುದು ತಗೊಳ್ಳೋದು? ನಾನು ಕುಮಟಾದಲ್ಲಿ ಹೈಸ್ಕೂಲಿನ ಕನ್ನಡ ಶಿಕ್ಷಕಿ. ಕಂಪ್ಯೂಟರ್ ಓದಿದವಳಲ್ಲ, ಆದರೆ ಪ್ರಶ್ನೆಪತ್ರಿಕೆ, ಟಿಪ್ಪಣಿ, ಶಾಲೆಯ ವಾರ್ಷಿಕ ಸಂಚಿಕೆ ಎಲ್ಲ ನಾನೇ ಟೈಪ್ ಮಾಡುವುದು. ನಮ್ಮ ಮನೆಯಲ್ಲಿ ಈಗ ಮೂರೂ ಬಗೆಯ ಯಂತ್ರಗಳಿವೆ. ನಾಲ್ಕನೇ ತಲೆಮಾರಿನ ಇಂಟೆಲ್ ಕೋರ್ ಐ3 ಪ್ರೊಸೆಸರ್ ಇರುವ ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ ಬದಲಿಗೆ ಬಳಸಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದ್ದೇವೆ. ಮಗನ ಓದಿಗೆಂದು ಜೋಡಿಸಿಕೊಂಡ ಹೊಸದರಲ್ಲಿ ವಿಂಡೋಸ್ 11 ಇದೆ. ಮೂರನೆಯದು ಆ್ಯಪಲ್‌ನ ಮ್ಯಾಕ್ ಮಿನಿ. ಮಳೆಗಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡಿದ ತಮ್ಮ ಬೆಂಗಳೂರಿನಿಂದ ತಂದದ್ದು, ಅವನು ಹೋದ ಮೇಲೂ ಇಲ್ಲೇ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡಲ ಬದಿಯ ಊರುಗಳಲ್ಲಿ ಮನೆಗೆಂದು ಒಂದೇ ಒಂದು ಯಂತ್ರ ಕೊಳ್ಳುವುದಾದರೆ, ಮುಚ್ಚಳ ಬಿಚ್ಚಲು ಬರುವ, ಊರಿನಲ್ಲೇ ರಿಪೇರಿಯಾಗುವ ಡೆಸ್ಕ್‌ಟಾಪ್ ಕೊಳ್ಳಿ. ಅದರೊಳಗೆ ವಿಂಡೋಸ್ ಇರಬೇಕೋ ಲಿನಕ್ಸ್ ಇರಬೇಕೋ ಎಂಬುದನ್ನು ಆಮೇಲೆ ನೋಡೋಣ.

ಬೆಂಗಳೂರಿನವರು ಮಾಡುವ ವಿಮರ್ಶೆಗಳಲ್ಲಿ ಪ್ರೊಸೆಸರ್ ವೇಗ, ಪರದೆಯ ಬಣ್ಣ ಎಲ್ಲ ಇರುತ್ತವೆ, ಹವೆಯ ಮಾತೇ ಇರುವುದಿಲ್ಲ. ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಹಾಸಿದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಇದರ ಮೇಲೆ ಸಮುದ್ರದ ಉಪ್ಪುಗಾಳಿ ಬೇರೆ. ಕ್ಯಾಬಿನೆಟ್ಟಿನ ಸ್ಕ್ರೂಗಳಿಗೆ ತುಕ್ಕು ಬರುತ್ತದೆ, ಬಳಸದೇ ಬಿಟ್ಟ ಯುಎಸ್‌ಬಿ ಪೋರ್ಟಿನೊಳಗೆ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ. ಗಾಳಿಕಿಂಡಿಯಿಂದ ಹಲ್ಲಿ, ಇರುವೆ ಒಳಗೆ ಸೇರುವುದೂ ಉಂಟು.

ಆಷಾಢದ ಒಂದು ಬೆಳಿಗ್ಗೆ ಹಳೇ ಡೆಸ್ಕ್‌ಟಾಪ್ ಹಾಕಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು, ಒಳಗಿಂದ ಬೀಪ್ ಬೀಪ್ ಸದ್ದು. ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗನಿಗೆ ಫೋನ್ ಮಾಡಿದೆ. ಬಂದವನು ಪಕ್ಕದ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ರ‍್ಯಾಮ್ (ಮೆಮೊರಿ) ಪಟ್ಟಿಯನ್ನು ಹೊರತೆಗೆದು, "ಅಕ್ಕೋರೆ, ಪೆನ್ಸಿಲ್ ಅಳಿಸೋ ರಬ್ಬರ್ ಒಂದು ಕೊಡಿ" ಅಂದ. ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಪೊರೆ ಕೂತಿದ್ದು ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಎರಡೂ ಬದಿಗೆ ಹಗುರವಾಗಿ ರಬ್ಬರ್ ಉಜ್ಜಿ, ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಅಕ್ಕಪಕ್ಕದ ಕೊಂಡಿಗಳು ಕಟಕ್ ಅನ್ನುವವರೆಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಪರದೆ ಬಂತು. ತೇವ ಮತ್ತು ಉಪ್ಪು ಸೇರಿ ಕಟ್ಟುವ ಆ ತೆಳು ಪೊರೆ ವಿದ್ಯುತ್ ಸಂಪರ್ಕಕ್ಕೆ ಅಡ್ಡ ನಿಲ್ಲುತ್ತದೆ, ರಬ್ಬರ್ ಅದನ್ನು ಕಿತ್ತು ತೆಗೆಯುತ್ತದೆ. ಪೆನ್ನಿನ ಶಾಯಿ ಅಳಿಸುವ ಗಡಸು ರಬ್ಬರ್ ಬೇಡ, ಮರಳು ಕಾಗದವಂತೂ ಖಂಡಿತ ಬೇಡ. ಮೇಲಿನ ಚಿನ್ನದ ಲೇಪವೇ ಎದ್ದುಹೋಗುತ್ತದೆ ಎಂದು ಎಚ್ಚರಿಸಿದ. ಈಗ ಈ ಕೆಲಸ ನಾನೇ ಮಾಡುತ್ತೇನೆ, ವಿದ್ಯುತ್ ತಂತಿ ಕಿತ್ತಿಟ್ಟು.

ಮ್ಯಾಕ್ ಮಿನಿಯಲ್ಲಿ ಈ ತಾಪತ್ರಯ ಬರುವುದಿಲ್ಲ. ಮೆಮೊರಿ ಚಿಪ್‌ನ ಜೊತೆಗೇ ಬೆಸೆದುಕೊಂಡಿದೆ, ಪೊರೆ ಕಟ್ಟಲು ಹಲ್ಲುಗಳೇ ಇಲ್ಲ. ಆದರೆ ಅದರ ಬೋರ್ಡಿಗೆ ಏನಾದರೂ ಆದರೆ ನಮ್ಮ ಪೇಟೆಯ ಹುಡುಗ ಕೈಹಾಕುವಂತಿಲ್ಲ. ಪ್ಯಾಕ್ ಮಾಡಿಕೊಂಡು ದೊಡ್ಡ ಊರಿಗೆ ಒಯ್ಯಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಹೇಗಿರುತ್ತದೆ ಎಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮೆಮೊರಿ ಸಾಲದಾದರೆ ಆಮೇಲೆ ಸೇರಿಸಲೂ ಬರುವುದಿಲ್ಲ, ಕೊಳ್ಳುವಾಗ ಎಷ್ಟಿತ್ತೋ ಅಷ್ಟೇ.

ಹಾಗಂತ ಮ್ಯಾಕ್ ಮಿನಿಯನ್ನು ತೆಗೆದುಹಾಕುವ ಮನಸ್ಸು ನನಗಿಲ್ಲ. ಅದನ್ನು ಬಳಸಿದಷ್ಟೂ ಗೌರವ ಹೆಚ್ಚಿದೆ. ಚೌಕಾಕಾರದ, ಒಂದು ಬದಿ ಸುಮಾರು ಹದಿಮೂರು ಸೆಂಟಿಮೀಟರ್, ಐದು ಸೆಂಟಿಮೀಟರ್ ಎತ್ತರದ ಲೋಹದ ಪೆಟ್ಟಿಗೆ. ಸದ್ದೇ ಇಲ್ಲ ಎನ್ನಬಹುದು. 2024ರ ಕೊನೆಗೆ ಎಂ4 ಚಿಪ್‌ನ ಈ ಮಾದರಿ ಬಂದಾಗ ಭಾರತದಲ್ಲಿ ಬೆಲೆ 59,900 ರೂಪಾಯಿಯಿಂದ ಶುರು, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ 49,900. ಆ ಬೆಲೆಗೆ 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ. ಮಾನಿಟರ್, ಕೀಬೋರ್ಡ್, ಮೌಸ್ ನಮ್ಮದೇ. ಮಾಮೂಲಿ ಪೆನ್‌ಡ್ರೈವ್ ಚುಚ್ಚುವ ಅಗಲದ ಪೋರ್ಟ್ ಇಲ್ಲ, ಇರುವ ಯುಎಸ್‌ಬಿ ಪೋರ್ಟುಗಳೆಲ್ಲ ಸಿ ಮಾದರಿಯವು. ಸಣ್ಣದೊಂದು ಅಡಾಪ್ಟರ್ ತಂದಿಟ್ಟುಕೊಳ್ಳಲೇಬೇಕು.

ಅದರ ನಿಜವಾದ ಗುಣ ಗೊತ್ತಾಗುವುದು ಕರೆಂಟ್ ಹೋದಾಗ. ಸುಮ್ಮನೆ ಆನ್ ಇದ್ದರೆ 4 ವ್ಯಾಟ್, ಪೂರ್ತಿ ದುಡಿದರೂ 65 ವ್ಯಾಟ್ ಎಂದು ಆ್ಯಪಲ್ ಹೇಳುತ್ತದೆ. ನಮ್ಮಲ್ಲಿರುವುದು ಎಲ್ಲರ ಮನೆಯಲ್ಲೂ ಇರುವ 600 ವಿಎ ಯುಪಿಎಸ್, ಒಳಗೆ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ. ಡೆಸ್ಕ್‌ಟಾಪ್ ಅದರ ಮೇಲೆ ನಡೆಯುವುದು ಫೈಲ್ ಉಳಿಸಿ ಬಂದ್ ಮಾಡುವಷ್ಟು ಹೊತ್ತು. ಮ್ಯಾಕ್ ಮಿನಿ ಮಾನಿಟರ್ ಸಮೇತ ಒಂದು ಪ್ರಶ್ನೆಪತ್ರಿಕೆ ಮುಗಿಸುವವರೆಗೂ ನಿಲ್ಲುತ್ತದೆ. ಇನ್ವರ್ಟರ್ ಇರುವವರು ಅದರ ಹಿಂಬದಿ ನೋಡಿ, ಹೆಚ್ಚಿನವಲ್ಲಿ ಯುಪಿಎಸ್ ಮೋಡ್‌ಗೆ ಒಂದು ಸ್ವಿಚ್ ಇರುತ್ತದೆ. ಅದು ಇಕೋ ಕಡೆಗಿದ್ದರೆ ಕರೆಂಟ್ ಹೋಗಿ ಬರುವ ಕ್ಷಣದಲ್ಲಿ ಡೆಸ್ಕ್‌ಟಾಪ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಸಿಡಿಲಿನ ಹೊತ್ತಿಗೆ ಮಾತ್ರ ಯಾವ ಕಂಪನಿಯದ್ದೇ ಆಗಲಿ, ಪ್ಲಗ್ ಕಿತ್ತಿಡುವುದೇ ಉಪಾಯ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲೇ ಇದ್ದರೆ ಸಿಡಿಲಿನ ವಿದ್ಯುತ್ ಅದರ ಮೂಲಕ ಬಂದು ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರ್ ತನಕ ತಲುಪುತ್ತದೆ. ಅದನ್ನೂ ಕೀಳಿ.

ಇನ್ನು ಕನ್ನಡ. ನನಗೆ ಇದೇ ಮುಖ್ಯ, ಈ ವಿಷಯದಲ್ಲಿ ರಾಜಿ ಆಗಲಾರೆ.

ನನ್ನ ಬೆರಳು ಪಳಗಿದ್ದು 'ನುಡಿ' ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ ಕೆಜಿಪಿ ವಿನ್ಯಾಸದಲ್ಲಿ. 'ಕನ್ನಡ' ಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಎಫ್ ಕೀಲಿ. ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ. ವಿಂಡೋಸ್‌ನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡರೆ ಆಯಿತು. ಮಿಂಟ್‌ನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಜೊತೆಗೆ, ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಸೇರಿಸಿದರೆ ಕೆಜಿಪಿ ವಿನ್ಯಾಸ ಪಟ್ಟಿಯಲ್ಲೇ ಸಿಗುತ್ತದೆ, ಅದೂ ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್ ಸಂಕೇತದಲ್ಲಿ. ಈ ಸಂಗತಿ ನನ್ನ ಸಹೋದ್ಯೋಗಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಿನಕ್ಸ್ ಅಂದರೆ ಇಂಗ್ಲಿಷ್ ಬಲ್ಲ ಎಂಜಿನಿಯರುಗಳದ್ದು ಎಂಬ ಹೆದರಿಕೆ ಬಿಡಿ. ಮ್ಯಾಕ್‌ನಲ್ಲಿ ಕನ್ನಡ ಅಕ್ಷರಗಳು ಪರದೆಯ ಮೇಲೆ ಮೂಡುವ ಚೆಂದ ಮೂರರಲ್ಲೂ ಮೇಲು. ವಟ್ರಸುಳಿಯ ಬಳುಕು ಕೂಡ ಸ್ಪಷ್ಟ. ಆದರೆ ಅದರ ಜೊತೆಗೆ ಬರುವ ಕನ್ನಡ ಕೀಲಿಮಣೆಗಳಲ್ಲಿ ಕೆಜಿಪಿ ವಿನ್ಯಾಸ ಇಲ್ಲ. ಭಾರತೀಯ ಭಾಷೆಗಳಿಗೆಂದು ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಲ್ಲವರಿಗೆ ಏನೂ ತೊಂದರೆಯಿಲ್ಲ. ನನ್ನಂಥವರು ಬೆರಳಿಗೆ ಹೊಸ ಪಾಠ ಹೇಳಿಕೊಡಬೇಕು.

ಹಳೇ ಫೈಲುಗಳದ್ದು ಬೇರೆಯೇ ಕಥೆ. ಯೂನಿಕೋಡ್‌ಗೆ ಮೊದಲು ನುಡಿಯಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳೆಲ್ಲ ಆಸ್ಕಿಯಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ ಹೀಗೆ ಸಾಲು ಹೋಗುತ್ತದೆ. ನುಡಿ ಫಾಂಟಿನ ಫೈಲನ್ನು ನಕಲಿಸಿ ಹಾಕಿಕೊಂಡರೆ ಮ್ಯಾಕ್‌ನಲ್ಲೂ ಮಿಂಟ್‌ನಲ್ಲೂ ಓದಲು ಬರುತ್ತದೆ, ಮುದ್ರಿಸಲೂ ಬರುತ್ತದೆ. ಅದೇ ಆಸ್ಕಿಯಲ್ಲಿ ತಿದ್ದಿ ಬರೆಯಲು ವಿಂಡೋಸ್ ಮತ್ತು ನುಡಿ ಬೇಕು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಬ್ರೌಸರಿನಲ್ಲೇ ಉಚಿತವಾಗಿ ಸಿಗುತ್ತವೆ; ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದು ಸಲ ಕಣ್ಣಿಟ್ಟು ನೋಡಬೇಕು. ನಾನು ರಜೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಿದ್ದೇನೆ. ಎಲ್ಲ ಶಿಕ್ಷಕರೂ ಇದನ್ನು ಮಾಡಲೇಬೇಕು, ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಒಂದೇ ತಂತ್ರಾಂಶಕ್ಕೆ ಕಟ್ಟುಬಿದ್ದಿರುತ್ತದೆ.

ಹಳೇ ಯಂತ್ರ ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ. ಗುಜರಿಗೆ ಹಾಕುವ ಬದಲು ಹಾರ್ಡ್‌ಡಿಸ್ಕ್ ತೆಗೆಸಿ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ಮಿಂಟ್ 22 ಸ್ಥಾಪಿಸಿದೆವು. ಇದಕ್ಕೆ 2029ರ ತನಕ ಸುರಕ್ಷತಾ ಅಪ್‌ಡೇಟ್ ಬರುತ್ತದೆ, ಹಣ ಕೊಡಬೇಕಾಗಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ. ಪರದೆಯ ಮೇಲೆ ದೊಡ್ಡದಾಗಿ ಯೂಟ್ಯೂಬ್ ಚಿಹ್ನೆ ಇಟ್ಟುಕೊಟ್ಟಿದ್ದೇವೆ. ಮಧ್ಯಾಹ್ನದ ಊಟ ಆದ ಮೇಲೆ ಬಡಗುತಿಟ್ಟಿನ ಹಳೆಯ ಯಕ್ಷಗಾನ ಪ್ರಸಂಗಗಳನ್ನು ಹಚ್ಚಿಕೊಂಡು ಕೂರುತ್ತಾರೆ. "ಮೊದಲಿನ್ಹಾಂಗೆ ನಡು ನಡುವೆ ಏನೇನೋ ಕೇಳ್ತಿಲ್ಲೆ ಇದು" ಎಂಬುದು ಅವರ ಶಿಫಾರಸು. ನಿಜವೇ, ನಮ್ಮ ಒಪ್ಪಿಗೆ ಇಲ್ಲದೇ ಅಪ್‌ಡೇಟ್‌ಗೆಂದು ತಾನಾಗಿ ರೀಸ್ಟಾರ್ಟ್ ಆಗುವ ರೂಢಿ ಇದಕ್ಕಿಲ್ಲ. ಪಹಣಿ ತೆಗೆಯುವುದು, ಕರೆಂಟ್ ಬಿಲ್ ಕಟ್ಟುವುದು, ಬ್ಯಾಂಕ್ ಎಲ್ಲವೂ ಬ್ರೌಸರಿನಲ್ಲೇ ಆಗುತ್ತದೆ. ಅಗ್ಗದ ಕೆಲವು ವೈಫೈ ಡಾಂಗಲ್‌ಗಳು ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ನಡೆಯುವುದಿಲ್ಲ, ಕೇಬಲ್ ಎಳೆದರೆ ಸಲೀಸು. ಹಳೇ ಪ್ರಿಂಟರ್ ಇದ್ದವರು ಮೊದಲು ಪರೀಕ್ಷಿಸಿ: ಮಿಂಟನ್ನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಡಿಸ್ಕನ್ನು ಮುಟ್ಟದೇ, ಪ್ರಿಂಟರ್, ಧ್ವನಿ, ವೈಫೈ ಎಲ್ಲ ನಡೆಯುತ್ತದೆಯೇ ಎಂದು ನೋಡಿಕೊಳ್ಳಬಹುದು. ನಮ್ಮ ಹಳೆಯ ಲೇಸರ್ ಪ್ರಿಂಟರ್ ಮಿಂಟ್‌ಗೂ ಮ್ಯಾಕ್‌ಗೂ ಒಗ್ಗಲಿಲ್ಲ, ವಿಂಡೋಸ್‌ಗೆ ಮಾತ್ರ ಕೇಳುತ್ತದೆ.

ಮಗನ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಅವನಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಆಸೆ, ಅಲ್ಲಿ ಬಳಸುವ ಸಾಲಿಡ್‌ವರ್ಕ್ಸ್ ಎಂಬ ವಿನ್ಯಾಸ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅವನಾಡುವ ವ್ಯಾಲರೆಂಟ್ ಆಟವೂ ಲಿನಕ್ಸ್‌ಗೆ, ಮ್ಯಾಕ್‌ಗೆ ಇಲ್ಲ. ಹಾಗಾಗಿ ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 11 ಕೊಂಡೆವು. ಅದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ, ಬೇಕೆನಿಸಿದಾಗ ಹಾಕಿಸಲು ಜಾಗವಿದೆ. ಮಾನಿಟರ್ ಹಳೆಯದೇ. ವೇಗದ ಬಗ್ಗೆ ದೂರಿಲ್ಲ. ಶುರುವಿನಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಮೆನುವಿನಲ್ಲಿ ಬೇಡದ ಶಿಫಾರಸುಗಳು ತುಂಬಿರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದಾಗಿ ತೆಗೆಯುವಷ್ಟು ತಾಳ್ಮೆ ಬೇಕು.

ಜೋಡಿಸಿ ಕೊಳ್ಳುವವರು ಅಂಗಡಿಯಲ್ಲಿ ಮೂರು ವಿಷಯ ಬಿಡದೇ ಕೇಳಿ. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಯಾವ ಕಂಪನಿಯದ್ದು, ಎಷ್ಟು ವರ್ಷದ ವಾರಂಟಿ? ವೋಲ್ಟೇಜ್ ಏರಿಳಿತದ ಊರಿನಲ್ಲಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡವೇ ಬೇಡ. ವಿಂಡೋಸ್ ಕೀ ಅಸಲಿಯೇ? ಬಿಲ್ಲಿನಲ್ಲಿ ಅದರ ಸಾಲು ಬೇರೆಯಾಗಿ ಬರೆಸಿ. ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಬಿಲ್ಲಿಗೆ ಹಾಕಿಸಿ, ವಾರಂಟಿ ಕೇಳುವಾಗ ಅದೇ ಆಧಾರ. ಮನೆಗೆ ತಂದ ಮೇಲೆ ಹೊರಗೋಡೆಗೆ ತಾಗಿಸದೇ, ನೆಲದಿಂದ ಮೇಲೆ ಇಡಿ, ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಆನ್ ಮಾಡಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ಈಗಲೇ ಹೊಸದು ಕೊಳ್ಳಲು ಆಗದವರು ವಿಂಡೋಸ್ 10ನ್ನು ಹಾಗೇ ಬಳಸುತ್ತ ಕೂರಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟ್ ಉಚಿತವಾಗಿ ಸಿಗುವ ಸೌಲಭ್ಯವಿದೆ, ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಕಾಣುತ್ತದೆ. ಅಷ್ಟರೊಳಗೆ ಮಿಂಟ್‌ನ ಪೆನ್‌ಡ್ರೈವ್ ಒಂದು ಮಾಡಿಕೊಂಡು ನಿಮ್ಮ ಪ್ರಿಂಟರ್ ಒಗ್ಗುತ್ತದೋ ನೋಡಿ. ಒಗ್ಗಿದರೆ ಎಸ್‌ಎಸ್‌ಡಿಯ ಖರ್ಚಿನಲ್ಲೇ ಕೆಲಸ ಆಯಿತು.