ಹಳೆಯ ಪಿಕಪ್‌ಗೆ ಪೂರ್ತಿ ಕೂಲಿಂಗ್ ಕಿಟ್: ಮೂರು ವರ್ಷ ಓಡಿಸಿದ ಮೇಲೆ

ಈ ಕಿಟ್‌ಗೆ ಐದರಲ್ಲಿ ಮೂರು ಸ್ಟಾರ್. ರೇಡಿಯೇಟರ್ ಒಂದನ್ನೇ ಕೊಂಡಿದ್ದರೆ ಐದೂ ಕೊಡುತ್ತಿದ್ದೆ. ಕಡಿಮೆ ಮಾಡಿದ ಎರಡರಲ್ಲಿ ಒಂದು ಮಾರಿದವರ ತಪ್ಪಿಗೆ, ಇನ್ನೊಂದು ನನ್ನ ತಪ್ಪಿಗೆ. ನನ್ನ ತಪ್ಪಿಗೆ ಅವರ ಸ್ಟಾರ್ ಕಿತ್ತುಕೊಳ್ಳುವುದು ನ್ಯಾಯವಲ್ಲ, ಗೊತ್ತು. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟಿದ್ದು ಅವರ ಆರ್ಡರ್ ಪುಟವೇ.

ಗಾಡಿ 1984ರ ಶೆವರ್ಲೆ ಪಿಕಪ್, 350 ಘನ ಇಂಚಿನ ವಿ8 ಎಂಜಿನ್. ಕಿಟ್‌ನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್, ವಾಟರ್ ಪಂಪ್, ಫ್ಯಾನ್ ಕ್ಲಚ್ (ಪಂಪ್ ಮತ್ತು ಫ್ಯಾನ್ ನಡುವೆ ಕೂತು, ಬಿಸಿ ಏರಿದಾಗ ಫ್ಯಾನನ್ನು ಹಿಡಿದು ತಿರುಗಿಸುವ ಭಾಗ), ಥರ್ಮೋಸ್ಟಾಟ್, ಎರಡು ಹೋಸ್, ಕ್ಯಾಪ್ ಬಂದವು. ಆರ್ಡರ್ ಮಾಡುವಾಗ ಕೇಳಿದ್ದು ಗಾಡಿಯ ವರ್ಷ ಮತ್ತು ಎಂಜಿನ್ ಸೈಜ್, ಅಷ್ಟೇ. ಎರಡೂ ಸರಿಯಾಗೇ ಹೇಳಿದೆ.

ಸಮಸ್ಯೆ ಏನೆಂದರೆ, ಗಾಡಿ 1984ರದ್ದು, ಎಂಜಿನ್ ಅಲ್ಲ. ಹಿಂದಿನ ಮಾಲೀಕರು ನಂತರದ ವರ್ಷದ ಗಾಡಿಯಿಂದ ಎಂಜಿನ್ ತಂದು ಕೂರಿಸಿದ್ದರು, ಮುಂಭಾಗದ ಬ್ರಾಕೆಟ್, ಪುಲ್ಲಿ ಎಲ್ಲ ಸಮೇತ. ಈ 350 ಸೇರಿದ ಎಂಜಿನ್ ಕುಟುಂಬ, ಶೆವರ್ಲೆಯ ಸ್ಮಾಲ್ ಬ್ಲಾಕ್, ಹುಟ್ಟಿದ್ದು 1955ರಲ್ಲಿ. ನಂತರ ಹಲವು ದಶಕ ಅದರ ಮೂಲ ಅಳತೆ ಹೆಚ್ಚು ಬದಲಾಗಲಿಲ್ಲ. ಪಂಪ್ ಕೂರುವ ನಾಲ್ಕು ಬೋಲ್ಟ್‌ಗಳ ಜಾಗವೂ ಹಾಗೇ ಉಳಿಯಿತು. ಅದಕ್ಕೇ ತಪ್ಪು ಪಂಪ್ ಕೂಡ ಅಚ್ಚುಕಟ್ಟಾಗಿ ಕೂರುತ್ತದೆ. ನನ್ನದೂ ಕೂತಿತು, ಪುಲ್ಲಿಯೂ ಸಾಲಿಗೆ ಬಂತು. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತೆಂದು ಖುಷಿಪಟ್ಟೆ.

ಮೊದಲ ಓಟದಲ್ಲೇ ಟೆಂಪರೇಚರ್ ಮುಳ್ಳು ಏರಿತು. ಟ್ರಾಫಿಕ್‌ನಲ್ಲಿ ನಿಂತಾಗಲೂ ಏರಿತು, ಲೋಡ್ ಹಾಕಿಕೊಂಡು ದಿಣ್ಣೆ ಹತ್ತುವಾಗಲೂ ಏರಿತು. ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂದುಕೊಂಡು ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಿ ಗಾಳಿ ಬಿಟ್ಟೆ. ಟೈಮಿಂಗ್ ನೋಡಿದೆ. ಹೆಡ್ ಗ್ಯಾಸ್ಕೆಟ್ ಹೋಯಿತೇನೋ ಎಂದು ರಾತ್ರಿ ನಿದ್ದೆಗೆಟ್ಟೆ. ಸುಮ್ನೆ ಎರಡು ವಾರ ಹಾಳು.

ಕೊನೆಗೆ ಸುಳಿವು ಕೊಟ್ಟಿದ್ದು ಬೆಲ್ಟ್. ಹಳೆಯ ವಿ ಬೆಲ್ಟ್ ವ್ಯವಸ್ಥೆಯಲ್ಲಿ ಬೆಲ್ಟಿನ ಒಳಮುಖ ಪಂಪಿನ ಪುಲ್ಲಿಯನ್ನು ತಿರುಗಿಸುತ್ತದೆ, ಪಂಪ್ ಕ್ರ್ಯಾಂಕ್ ತಿರುಗುವ ದಿಕ್ಕಿಗೇ ತಿರುಗುತ್ತದೆ. ನನ್ನ ಎಂಜಿನ್‌ನಲ್ಲಿ ಎಲ್ಲವನ್ನೂ ಸುತ್ತಿ ಬರುವ ಒಂದೇ ಅಗಲದ ಸರ್ಪೆಂಟೈನ್ ಬೆಲ್ಟ್. ಅದರ ಗೀರಿಲ್ಲದ ಬೆನ್ನು ಪಂಪಿನ ಪುಲ್ಲಿಯ ಮೇಲೆ ಹಾಯುತ್ತದೆ. ಅಂದರೆ ಪಂಪ್ ಉಲ್ಟಾ ತಿರುಗಬೇಕು. ಕಿಟ್‌ನದನ್ನು ಬಿಚ್ಚಿ ಹಳೆಯ ಪಂಪಿನ ಪಕ್ಕ ಇಟ್ಟೆ. ಒಳಗಿನ ಎಸಳುಗಳು ಒಂದಕ್ಕೊಂದು ಕನ್ನಡಿ ಬಿಂಬದ ಹಾಗೆ ಬಾಗಿದ್ದವು. ಇದನ್ನು ಹಾಕುವ ಮೊದಲೇ ನೋಡಬಹುದಿತ್ತು, ಅಲ್ವಾ?

ಫ್ಯಾನ್ ಕ್ಲಚ್‌ದೂ ಅದೇ ಕಥೆ. ಒಳಗಿನ ಸಿಲಿಕೋನ್ ದ್ರವ ಸರಿಯಾದ ದಿಕ್ಕಿನಲ್ಲಿ ತಿರುಗಿದರೆ ಮಾತ್ರ ಹರಿಯಬೇಕಾದ ಹಾಗೆ ಹರಿಯುತ್ತದೆ. ತಪ್ಪು ದಿಕ್ಕಿನದು ಹಿಡಿತವನ್ನೇ ತೆಗೆದುಕೊಳ್ಳುವುದಿಲ್ಲ, ಫ್ಯಾನ್ ಸೋಮಾರಿಯ ಹಾಗೆ ತಿರುಗುತ್ತದೆ. ನನ್ನ ಹಳೆಯ ಕ್ಲಚ್ ಮೇಲೆ ‘ರಿವರ್ಸ್’ ಎಂದು ಅಚ್ಚೇ ಇತ್ತು, ಗ್ರೀಸ್ ಒರೆಸಿದ ಮೇಲೆ ಕಂಡಿತು.

ಮಾರಿದವರು ಬಳಸಿದ ಪಂಪ್ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಉಲ್ಟಾ ತಿರುಗುವ ಪಂಪ್ ಮತ್ತು ಕ್ಲಚ್ ಬೇರೆ ಕಡೆ ಕೊಂಡೆ. ಈ ಸಲ ವರ್ಷ ಹೇಳಲೇ ಇಲ್ಲ. ತಿರುಗುವ ದಿಕ್ಕು ಹೇಳಿದೆ, ಬ್ಲಾಕಿನ ಮುಖದಿಂದ ಪುಲ್ಲಿ ಕೂರುವ ಹಬ್‌ವರೆಗಿನ ಉದ್ದ ಹೇಳಿದೆ. ಈ ಎಂಜಿನ್‌ಗೆ ಸುಮಾರು 5.6 ಇಂಚಿನ ಶಾರ್ಟ್ ಪಂಪ್ ಇದೆ, ಸುಮಾರು 6.9 ಇಂಚಿನ ಲಾಂಗ್ ಪಂಪೂ ಇದೆ. ಹಬ್ ನಡುವಿನ ಮೂತಿಯಲ್ಲೂ 5/8 ಇಂಚು, 3/4 ಇಂಚು ಎಂದು ಎರಡು ಬಗೆ. ಕ್ಲಚ್‌ನ ತೂತು ಅದಕ್ಕೆ ಹೊಂದದಿದ್ದರೆ ಫ್ಯಾನ್ ನಡುಗುತ್ತದೆ.

ಥರ್ಮೋಸ್ಟಾಟ್ ಬಗ್ಗೆ ಒಂದು ಜಗಳ ಬಾಕಿ ಇದೆ. ಕಿಟ್‌ನಲ್ಲಿ ಬಂದಿದ್ದು 160 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 71 ಸೆಲ್ಸಿಯಸ್‌ಗೆ ತೆರೆದುಕೊಳ್ಳುವಂಥದ್ದು. ‘ತಂಪಾಗಿ ಓಡುತ್ತದೆ’ ಎಂದು ಡಬ್ಬದ ಮೇಲೆ ಹೆಮ್ಮೆ ಬೇರೆ. ಥರ್ಮೋಸ್ಟಾಟ್ ಎಂಜಿನ್ ಕನಿಷ್ಠ ಎಷ್ಟು ಬಿಸಿಯಾಗಬೇಕೆಂದು ತೀರ್ಮಾನಿಸುತ್ತದೆ, ಗರಿಷ್ಠ ಎಷ್ಟೆಂದು ಅಲ್ಲ. ನೀರು ಸರಿಯಾಗಿ ಹರಿಯದಿದ್ದರೆ ಯಾವುದನ್ನು ಹಾಕಿದರೂ ಕುದಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಬೆಚ್ಚಗಾಗಲೇ ಇಲ್ಲ. 195 ಡಿಗ್ರಿಯದನ್ನು ಹಾಕಿದೆ, ಅಂದರೆ 91 ಸೆಲ್ಸಿಯಸ್. ಈಗ ಮುಳ್ಳು ಅಲ್ಲೇ ಕೂತಿರುತ್ತದೆ.

ಕೆಳಗಿನ ಹೋಸ್ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಹಳೆಯ ಹೋಸ್‌ನೊಳಗಿನ ಸ್ಪ್ರಿಂಗ್ ತೆಗೆದು ಇದಕ್ಕೆ ಹಾಕಿದೆ, ಸರಿಹೋಯಿತು. ರೇಡಿಯೇಟರ್ ಕ್ಯಾಪ್ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ್ದಾಗಿತ್ತು, ಅದನ್ನೇ ಉಳಿಸಿಕೊಂಡೆ, ಇನ್ನೂ ಹೆಚ್ಚಿನದು ಹಾಕಲಿಲ್ಲ. ಒತ್ತಡ 1 ಪಿಎಸ್‌ಐ ಹೆಚ್ಚಿದರೆ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಮೇಲೇರುತ್ತದೆ, ನಿಜ. ಆದರೆ ಆ ಜಾಸ್ತಿ ಒತ್ತಡವನ್ನು ಹಳೆಯ ಹೀಟರ್ ಕೋರ್ ಕೂಡ ತಡೆಯಬೇಕಲ್ಲ.

ರೇಡಿಯೇಟರ್‌ಗೆ ಮಾತ್ರ ನನ್ನ ಮೆಚ್ಚುಗೆ. ಮೂರು ವರ್ಷ, ಒಂದು ಹನಿ ಸೋರಿಲ್ಲ. ಗೇರ್ ಆಯಿಲ್ ಪೈಪ್‌ಗಳೂ ಮೊದಲ ಸಲಕ್ಕೇ ಹಿಡಿದವು. ಡಿಸ್ಟಿಲ್ಡ್ ವಾಟರ್, ಕೂಲಂಟ್ ಅರ್ಧರ್ಧ ಹಾಕುತ್ತೇನೆ, ನಲ್ಲಿ ನೀರು ಮುಟ್ಟಿಸುವುದಿಲ್ಲ.

ಕಿಟ್‌ನ ಪಂಪ್ ಇನ್ನೂ ಶೆಡ್‌ನಲ್ಲಿದೆ, ಓಡಿದ್ದು ಎರಡು ವಾರ ಅಷ್ಟೇ. ವಿ ಬೆಲ್ಟ್ ಇರುವ, ಲಾಂಗ್ ಪಂಪಿನ 350 ಯಾರ ಹತ್ತಿರವಾದರೂ ಇದ್ದರೆ ಅವರಿಗೆ ಸರಿಯಾಗಿ ಹೊಂದುತ್ತದೆ.