ಆರ್ಕಿಡ್‌ಗೆ ನೀರು: ಸ್ಪ್ರೇ, ಐಸ್, ಬಕೆಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಎರಡು ಆರ್ಕಿಡ್ ಕೊಂದವಳು. ತುಳಸಿಗೆ ಹಾಕಿದ ಹಾಗೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಬೇರುಗಳೆಲ್ಲ ಕೊಳೆತು ಹೋದವು.

ಹಾಗಾಗಿ ಹೋದ ವರ್ಷ ಜನವರಿಯಲ್ಲಿ ಫೆಲನಾಪ್ಸಿಸ್ ಅನ್ನೋ ಜಾತಿಯ ಮೂರು ಆರ್ಕಿಡ್ ತಂದಾಗ ಹಠಕ್ಕೆ ಬಿದ್ದೆ. ಮೂರೂ ಹೆಚ್ಚುಕಮ್ಮಿ ಒಂದೇ ಅಳತೆಯವು. ನರ್ಸರಿಯಿಂದ ಬಂದಾಗ ಬೇರಿನ ನಡುವೆ ಪಾಚಿಯ ಉಂಡೆ ಇತ್ತು. ಮೇಲೆ ಒಣಗಿದ್ದರೂ ಒಳಗೆ ತಣ್ಣಗೆ ಒದ್ದೆ. ಹೂವು ಉದುರಿದ ಮೇಲೆ ಅದನ್ನು ಬಿಡಿಸಿ ತೆಗೆದು, ಇದ್ದಿಲು, ಇಟ್ಟಿಗೆ ಚೂರು, ಸ್ವಲ್ಪ ತೆಂಗಿನ ಸಿಪ್ಪೆ ಹಾಕಿ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಕೂರಿಸಿದೆ. ಪೂರ್ವದ ಕಿಟಕಿ, ತೆಳು ಪರದೆ. ಮೂರಕ್ಕೂ ಒಂದೇ ಜಾಗ. ನೀರು ಹಾಕುವ ರೀತಿ ಮಾತ್ರ ಬೇರೆ ಬೇರೆ.

ಒಂದನೆಯದಕ್ಕೆ ದಿನಾ ಸ್ಪ್ರೇ. ನೋಡೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಎಲೆ ಮೇಲೆ ಹನಿ, ಗಿಡ ಫಳಫಳ. ಆದರೆ ನೀರು ಮೇಲಿನ ಬೇರಿಗಷ್ಟೇ ಸಿಗುತ್ತಿತ್ತು. ಕುಂಡದೊಳಗಿನ ಬೇರು ಬೂದಿ ಬಣ್ಣದಲ್ಲೇ ಇರುತ್ತಿತ್ತು. ಮಿಕ್ಕ ನೀರು ಎಲೆಗಳು ಕೂಡುವ ನಡುಸುಳಿಯಲ್ಲಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಆರಿಹೋಗುತ್ತಿತ್ತು, ತೊಂದರೆ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಮೋಡ ಕವಿದ ಒಂದು ವಾರ, ನಡುವಿನ ಎಳೆ ಎಲೆ ಬುಡದಲ್ಲಿ ಕಂದಾಗಿ ಕಂಡಿತು. ಮೆಲ್ಲಗೆ ಮುಟ್ಟಿದೆ, ಹಾಗೇ ಕೈಗೆ ಬಂತು. ಬುಡದಲ್ಲಿ ಲೋಳೆ, ಕೆಟ್ಟ ವಾಸನೆ. ಫೆಲನಾಪ್ಸಿಸ್ ಬೆಳೆಯೋದೇ ಆ ಒಂದು ಸುಳಿಯಿಂದ. ಅದು ಹೋದರೆ ಪಕ್ಕದಿಂದ ಮರಿ ಬರಬಹುದು, ಬರದೆಯೂ ಇರಬಹುದು. ನನ್ನದು ಬರಲಿಲ್ಲ.

ಎರಡನೆಯದಕ್ಕೆ ಐಸ್. ವಾರಕ್ಕೆ ಮೂರು ತುಂಡು, ಎಲೆಗೆ ತಾಗದ ಹಾಗೆ. ಅಮ್ಮ ಫೋನಿನಲ್ಲಿ ಕೇಳಿ ನಕ್ಕುಬಿಟ್ಟಳು: “ಗಿಡಕ್ಕೆ ಐಸಾ? ನಮ್ಮ ಸೀತಾಳೆ ದಂಡೆಗೆ ಯಾರೇ ನೀರು ಹಾಕ್ತಾರೆ?” ಸೀತಾಳೆ ಅಂದರೆ ನಮ್ಮೂರಲ್ಲಿ ಮರದ ಮೇಲೆ ತಾನಾಗೇ ಬೆಳೆಯುವ ಆರ್ಕಿಡ್. ನಗು ಬರುವಂಥದ್ದೇ, ಆದರೆ ಇದು ಪೂರ್ತಿ ಹುಚ್ಚಾಟವೂ ಅಲ್ಲ. 2017ರಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಪರೀಕ್ಷೆ ಮಾಡಿ, ಐಸ್‌ನಿಂದ ಫೆಲನಾಪ್ಸಿಸ್ ಬೇರಿಗೆ ಹಾನಿಯಿಲ್ಲ ಅಂದಿದ್ದಾರೆ. ಅವರ ಕುಂಡದಲ್ಲಿದ್ದದ್ದು ಮರದ ತೊಗಟೆ, ಅದು ಕರಗಿದ ನೀರನ್ನು ಹಿಡಿದಿಡುತ್ತದೆ. ನನ್ನ ಇದ್ದಿಲು, ಇಟ್ಟಿಗೆ ಸಂದಿಯಲ್ಲಿ ಅದು ನೇರ ತಟ್ಟೆಗೆ ಇಳಿಯುತ್ತಿತ್ತು. ಏಪ್ರಿಲ್ ಹೊತ್ತಿಗೆ ಎಲೆ ಹಳೇ ಬೆಲ್ಟಿನ ಹಾಗೆ ಸುಕ್ಕಾಯಿತು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಹೂವಿದ್ದಷ್ಟು ದಿನ ಪಾಚಿ ಕುಂಡದಲ್ಲೇ ಹಾಲ್‌ನಲ್ಲಿ ಇಡುವವರಿಗೆ, ಅದರಲ್ಲೂ ನನ್ನ ಹಾಗೆ ನೀರು ಸುರಿಯುವ ಚಟ ಇರುವವರಿಗೆ ಐಸ್ ಪರವಾಗಿಲ್ಲ.

ಮೂರನೆಯದಕ್ಕೆ ಬಕೆಟ್. ಎಲೆ ಮುಳುಗದ ಹಾಗೆ ಕುಂಡವನ್ನು ಹದಿನೈದು ನಿಮಿಷ ನೀರಲ್ಲಿಟ್ಟು, ಎತ್ತಿ, ಪೂರ್ತಿ ಸೋರಲು ಬಿಡೋದು. ಮೊದಲ ದಿನ ಬಾತ್‌ರೂಮಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಲೇ ಇದ್ದೆ. ಬೂದಿ ಬಣ್ಣದ ಬೇರು ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ, ಆಮೇಲೆ ಉದ್ದಕ್ಕೂ ಹಸಿರಾಯಿತು. ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ. ಅದು ನೀರು ಕುಡಿದರೆ ಒಳಗಿನ ಹಸಿರು ಕಾಣುತ್ತದೆ. ಆಗ ಅಮ್ಮನ ಮಾತು ಅರ್ಥವಾಯಿತು. ಊರಲ್ಲಿ ಹಲಸಿನ ಮರದ ಮೇಲಿನ ಸೀತಾಳೆಗೂ ಇದೇ ಆಗೋದು. ಮಳೆ ಬಂದರೆ ತೊಪ್ಪೆ, ಗಾಳಿ ಬೀಸಿದರೆ ಒಣ.

ಇದರಲ್ಲೂ ಕಿರಿಕಿರಿ ಇದೆ. ಒಂದು ಗಿಡ ಮುಳುಗಿಸಿದ ನೀರಲ್ಲಿ ಇನ್ನೊಂದನ್ನು ಇಡಬಾರದು, ರೋಗ ದಾಟುತ್ತದೆ. ಹತ್ತು ಗಿಡ ಇದ್ದವರು ಅರ್ಧ ದಿನ ಬಕೆಟ್ ಜೊತೆಗೇ ಇರಬೇಕಾಗುತ್ತೆ. ನಮ್ಮ ಬೋರ್ ನೀರು ಗಡಸು, ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿತು. ಈಗ ಟೆರೇಸಿನಿಂದ ಹಿಡಿದ ಮಳೆನೀರು, ಅದು ಮುಗಿದರೆ ಕಾವೇರಿ. ಗೊಬ್ಬರ ಎರಡು ವಾರಕ್ಕೊಮ್ಮೆ ಸಾಕು, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಮ್.

ಎಷ್ಟು ದಿನಕ್ಕೊಮ್ಮೆ ಮುಳುಗಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬೇಸಿಗೆಯಲ್ಲಿ ನಾಲ್ಕೈದು ದಿನ, ಮಳೆಗಾಲದಲ್ಲಿ ಹತ್ತು ದಿನವಾದರೂ ಬೇಕಾಗಲ್ಲ. ಆದರೆ ನಾನು ಕ್ಯಾಲೆಂಡರ್ ನೋಡಲ್ಲ, ಕುಂಡ ಎತ್ತಿ ನೋಡುತ್ತೇನೆ. ಹಗುರ ಇದ್ದು, ಬೇರು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬಕೆಟ್. ಅದೂ ಬೆಳಿಗ್ಗೆಯೇ. ರಾತ್ರಿಯೊಳಗೆ ಎಲೆ ಸಂದಿ ಒಣಗಬೇಕಲ್ವಾ.

ಜುಲೈಯಿಂದ ಐಸ್ ಗಿಡವನ್ನೂ ಬಕೆಟ್ಟಿಗೆ ಹಾಕಿದೆ. ಸುಕ್ಕು ಎಲೆ ಸುಕ್ಕಾಗೇ ಉಳಿಯಿತು, ಹೊಸ ಎಲೆ ಮಾತ್ರ ಗಟ್ಟಿಯಾಗಿ ಬಂತು. ಡಿಸೆಂಬರ್ ಚಳಿಗೆ ಬಕೆಟ್ ಗಿಡದ ಎಲೆ ಬುಡದಿಂದ ಹೂದಂಟು ಇಣುಕಿತು. ಮೊದಲು ಬೇರು ಅಂದುಕೊಂಡಿದ್ದೆ, ಆದರೆ ತುದಿ ಬೇರಿನ ಹಾಗೆ ಮೊಂಡಾಗಿರದೆ, ಹೆಬ್ಬೆರಳು ಮಾತ್ರ ಬೇರೆಯಾಗಿರುವ ಕೈಗವಸಿನ ಹಾಗೆ ಇತ್ತು. ಸ್ಪ್ರೇ ಬಾಟಲಿ ಈಗ ಇಸ್ತ್ರಿ ಟೇಬಲ್ ಮೇಲಿದೆ.